ಏನೂಂದ್ರೆ, ಇವಳೇ, ಮನೋರಮೆ

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದೆಂಬ ಕಟ್ಟು ನಮ್ಮ ಹಿರಿಯರಲ್ಲಿ ಎಷ್ಟು ಬಿಗಿಯಾಗಿತ್ತೆಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂಬ ನಂಬಿಕೆ ಅದರ ಹಿಂದಿತ್ತು. ಆದರೆ ಒಂದೇ ಸೂರಿನಡಿ ನಲವತ್ತು ಐವತ್ತು ವರ್ಷ ಬಾಳುವ ಇಬ್ಬರು ಒಬ್ಬರನ್ನೊಬ್ಬರು ಕರೆಯದೆ ಇರಲು ಸಾಧ್ಯವೇ? ಒಲೆಯ ಮೇಲೆ ಹಾಲು ಉಕ್ಕುತ್ತಿರುತ್ತದೆ, ಬಾಗಿಲಲ್ಲಿ ಯಾರೋ ಬಂದು ನಿಂತಿರುತ್ತಾರೆ. ಆಗ ಏನಾದರೊಂದು ಶಬ್ದ ಬೇಕೇ ಬೇಕು. ಹೆಸರಿನ ಜಾಗವನ್ನು ತುಂಬಲು ನಮ್ಮ ಜನ ಕಂಡುಕೊಂಡ ಶಬ್ದಗಳಿಗೂ ಒಂದು ಚರಿತ್ರೆಯಿದೆ. ಅದರಲ್ಲಿ ನಗುವ ಭಾಗವೂ ಇದೆ, ನಗಲಾಗದ ಭಾಗವೂ ಇದೆ.

ಹಳೆಯ ಮೈಸೂರಿನ ಕಡೆ ಹೆಂಡತಿ ಗಂಡನನ್ನು ಕರೆಯುವುದು ‘ಏನೂಂದ್ರೆ’, ‘ಅಂದ್ರೆ’, ಅಥವಾ ಬರಿಯ ‘ರೀ’. ಧಾರವಾಡದ ಕಡೆ ‘ಏನ್ರೀ’. ಈ ‘ರೀ’ ಎಂಬುದು ‘ಬನ್ನಿರಿ’, ‘ಕೇಳಿರಿ’ ಎಂಬ ಕ್ರಿಯಾಪದಗಳ ಕೊನೆಯಲ್ಲಿರುವ ಬಹುವಚನದ ‘ಇರಿ’ಯಲ್ಲದೆ ಬೇರೆಯಲ್ಲ. ಕ್ರಿಯೆ ಉದುರಿಹೋಗಿ ಗೌರವ ಮಾತ್ರ ಉಳಿದುಕೊಂಡಿದೆ. ಗಂಡನ ಕಡೆಯಿಂದ ಬರುವ ಕರೆಯಲ್ಲಿ ಆ ಗೌರವವೂ ಇಲ್ಲ: ‘ಲೇ’, ‘ಇವಳೇ’, ‘ಕೇಳಿದೆಯಾ’. ಮೂರನೆಯವರ ಎದುರಿನಲ್ಲಿ ಅವಳಿಗೆ ಅವನು ‘ನಮ್ಮ ಯಜಮಾನರು’, ‘ನಮ್ಮ ಮನೆಯವರು’, ಇಲ್ಲವೇ ಬರಿಯ ‘ಇವರು’. ಅವನಿಗೆ ಅವಳು ‘ನಮ್ಮ ಮನೇಲಿ’. ‘ಮನೇಲಿ ಒಂದು ಮಾತು ಕೇಳಿ ಹೇಳ್ತೀನಿ’ ಎಂದು ಗೃಹಸ್ಥರೊಬ್ಬರು ಅಂದರೆ ಅವರು ಗೋಡೆಯನ್ನೋ ಕಂಬವನ್ನೋ ಕೇಳುತ್ತಾರೆಂದು ಅರ್ಥವಲ್ಲವಷ್ಟೆ. ಮಗುವೊಂದು ಹುಟ್ಟಿದ ಮೇಲೆ ಇಬ್ಬರಿಗೂ ಹಗುರವಾಗುತ್ತದೆ. ಅವನು ‘ಪುಟ್ಟನ ಅಪ್ಪ’, ಅವಳು ‘ಪುಟ್ಟನ ಅಮ್ಮ’.

ಇದು ಕನ್ನಡಿಗರದೇ ಸೊತ್ತೆಂದು ತಿಳಿಯಬಾರದು. ವಡೋದರೆಯಲ್ಲಿ, ಅದರಲ್ಲೂ ನಮ್ಮ ಗೋರ್ವಾದಂಥ ಕಾರ್ಖಾನೆಗಳ ಬಡಾವಣೆಯಲ್ಲಿ, ಸಂಜೆಯ ಹೊತ್ತು ಮೆಟ್ಟಿಲು ಹತ್ತಿ ಮನೆಗೆ ಹೋಗುವಷ್ಟರಲ್ಲಿ ಹಲವು ಭಾಷೆಗಳ ಕರೆಗಳು ಕಿವಿಗೆ ಬೀಳುತ್ತವೆ. ಗುಜರಾತಿ ಗೃಹಿಣಿ ‘ಸಾಂಭಳೋ ಛೋ?’ ಎನ್ನುತ್ತಾಳೆ, ಕೇಳಿಸುತ್ತಿದೆಯೇ ಎಂದು ಅರ್ಥ. ಗಾಯಕವಾಡರ ಕಾಲದಿಂದ ಇಲ್ಲಿ ನೆಲೆಸಿದ ಮರಾಠಿಯವರ ಮನೆಯಿಂದ ‘ಅಹೋ’, ತೆಲುಗರ ಮನೆಯಿಂದ ‘ಏಮಂಡಿ’, ನಮ್ಮ ಮನೆಯಿಂದ ‘ರೀ’. ಇವುಗಳಲ್ಲಿ ಒಂದರಲ್ಲೂ ಹೆಸರಿಲ್ಲ. ಆದರೂ ಯಾವ ಗಂಡನೂ ತಪ್ಪಿ ಪಕ್ಕದ ಮನೆಗೆ ಹೋದದ್ದನ್ನು ನಾನು ಕಂಡಿಲ್ಲ. ದನಿಯೇ ಹೆಸರಾಗಿಬಿಟ್ಟಿರುತ್ತದೆ.

ಸಾಮಾನ್ಯವಾಗಿ ಈ ನಿಯಮವನ್ನು ಹೆಂಗಸರಿಗೆ ಮಾತ್ರ ಕಟ್ಟುವುದು ವಾಡಿಕೆ. ಆದರೆ ಗಂಡಸರನ್ನು ಕಟ್ಟಿಹಾಕುವ ಹಳೆಯ ಸಂಸ್ಕೃತ ಶ್ಲೋಕವೂ ಒಂದಿದೆ. ಶ್ರೇಯಸ್ಸನ್ನು ಬಯಸುವವನು ತನ್ನ ಹೆಸರನ್ನೂ, ಗುರುವಿನ ಹೆಸರನ್ನೂ, ಕಡುಜಿಪುಣನ ಹೆಸರನ್ನೂ, ಹಿರಿಯ ಮಗುವಿನ ಹೆಸರನ್ನೂ, ಹೆಂಡತಿಯ ಹೆಸರನ್ನೂ ಉಚ್ಚರಿಸಬಾರದೆಂದು ಅದರ ತಾತ್ಪರ್ಯ. ಗುರು ಮತ್ತು ಜಿಪುಣರ ಸಾಲಿನಲ್ಲಿ ಹೆಂಡತಿಯನ್ನು ಕೂಡಿಸಿದ ಆ ಶ್ಲೋಕಕಾರನ ಸಂಸಾರ ಹೇಗಿತ್ತೋ! ಅದೇನೇ ಇರಲಿ, ಆಡಬಾರದ ಹೆಸರೆಂದರೆ ಕೀಳು ಹೆಸರಲ್ಲ, ದೃಷ್ಟಿ ತಾಗಬಾರದ ಹೆಸರು ಎಂಬ ಭಾವನೆ ಇದರಲ್ಲಿ ಕಾಣುತ್ತದೆ. ಕಾಲಕ್ರಮದಲ್ಲಿ ಗಂಡಸರು ತಮ್ಮ ಪಾಲಿನ ನಿಯಮವನ್ನು ಸಡಿಲಿಸಿಕೊಂಡರು. ಹೆಂಗಸರ ಪಾಲಿನದು ಹಾಗೆಯೇ ಉಳಿಯಿತು.

ಎಷ್ಟರಮಟ್ಟಿಗೆ ಉಳಿಯಿತೆಂದರೆ, ನಮ್ಮ ತಾತನದು ದೇವರ ಹೆಸರಾದ್ದರಿಂದ ಅಜ್ಜಿಗೆ ದೇವರ ನಾಮ ಹಾಡುವುದೇ ಒಂದು ಸಮಸ್ಯೆಯಾಗಿತ್ತು. ಆ ಪದ ಬಂದ ಕಡೆಯಲ್ಲೆಲ್ಲ ‘ಸ್ವಾಮಿ’ ಎಂದು ತುಂಬಿಸಿ, ತಾಳ ತಪ್ಪದಂತೆ ಮುಂದಕ್ಕೆ ಸಾಗುತ್ತಿದ್ದರು. ಎಷ್ಟೋ ವರ್ಷ ಆ ಹಾಡುಗಳ ಮೂಲಪಾಠವೇ ಹಾಗೆಂದು ನಾವು ಮಕ್ಕಳು ತಿಳಿದಿದ್ದೆವು.

ಇಷ್ಟು ಬಿಗಿ ಇದ್ದಲ್ಲಿ ಅದನ್ನು ಸಡಿಲಿಸುವ ಉಪಾಯವೂ ಹುಟ್ಟಲೇಬೇಕು. ಉತ್ತರ ಕರ್ನಾಟಕದಲ್ಲಿ ಅದಕ್ಕೆ ‘ಒಡಪು’ ಎನ್ನುತ್ತಾರೆ. ಮದುವೆಯಲ್ಲಿ, ಕುಬಸದಲ್ಲಿ, ಅರಿಷಿಣ-ಕುಂಕುಮದಲ್ಲಿ ಸೇರಿದ ಹೆಂಗಸರು ಹೊಸ ಸೊಸೆಯನ್ನು ಸುತ್ತುಗಟ್ಟಿ ‘ಹೆಸರು ಹೇಳು’ ಎಂದು ಕಾಡುತ್ತಾರೆ. ಅವಳು ಪ್ರಾಸಬದ್ಧವಾದ ಎರಡು ಸಾಲು ಕಟ್ಟಿ, ಅದರೊಳಗೆ ಗಂಡನ ಹೆಸರನ್ನು ಸೇರಿಸಿ ಹೇಳಬೇಕು. ಹೇಳದಿದ್ದರೆ ಬಾಗಿಲು ಬಿಡುವುದಿಲ್ಲ, ತಾಟಿನ ಮುಂದೆ ಕೂಡಲು ಬಿಡುವುದಿಲ್ಲ. ಮರಾಠಿಯಲ್ಲಿ ಇದಕ್ಕೆ ಉಖಾಣಾ ಎಂದು ಹೆಸರು. ಕನ್ನಡದ ‘ಒಡಪು’, ಮರಾಠಿಯ ‘ಉಖಾಣಾ’ ಎರಡಕ್ಕೂ ಒಗಟು ಎಂಬ ಅರ್ಥವಿರುವುದು ಸ್ವಾರಸ್ಯವಾದ ಸಂಗತಿ. ಗಂಡನ ಹೆಸರೆಂಬುದು ಬಿಡಿಸಬೇಕಾದ ಒಗಟು. ನೇರವಾಗಿ ಹೇಳಿದರೆ ದೋಷ, ಪದ್ಯದಲ್ಲಿ ಹೇಳಿದರೆ ದೋಷವಿಲ್ಲ!

ಊರು ಬಿಟ್ಟು ಬಂದ ಮೇಲೂ ಇದು ನಿಂತಿಲ್ಲ. ಇಲ್ಲಿನ ಕನ್ನಡಿಗರ ಮನೆಯೊಂದರಲ್ಲಿ ನವರಾತ್ರಿಯ ಅರಿಷಿಣ-ಕುಂಕುಮಕ್ಕೆ ಬಂದಿದ್ದ ಧಾರವಾಡದ ಕಡೆಯ ಹುಡುಗಿಯೊಬ್ಬಳು ನಿಂತ ನಿಲುವಿನಲ್ಲಿ ಕಟ್ಟಿದ ಒಡಪನ್ನು ನನ್ನ ಮನೆಯಾಕೆ ಬಂದು ಹೇಳಿದಳು. ಹೆಸರನ್ನು ಮರೆಮಾಡಿ ಬರೆಯುತ್ತೇನೆ: ‘ವಿಶ್ವಾಮಿತ್ರಿ ಹೊಳಿಯಾಗ ಮೊಸಳಿ ತೆರೀತಾವ ಬಾಯಿ, ಇಂಥಾ ರಾಯರು ಕಚೇರಿಂದ ಬಂದ್ರ ಕೇಳತಾರ ಚಾಯಿ.’ ಪ್ರಾಸಕ್ಕಾಗಿ ಚಹಾ ‘ಚಾಯಿ’ ಆಗಿದೆ, ಓದುಗರು ಕ್ಷಮಿಸಬೇಕು. ನಮ್ಮೂರ ನಡುವೆ ಹರಿಯುವ ವಿಶ್ವಾಮಿತ್ರಿಯಲ್ಲಿ ಮೊಸಳೆಗಳಿರುವುದು ನಿಜ. ಗಂಡನನ್ನೂ ಮೊಸಳೆಯನ್ನೂ ಅಕ್ಕಪಕ್ಕದಲ್ಲಿ ಕೂರಿಸಿದ್ದು ಆಕಸ್ಮಿಕವೋ ಉದ್ದೇಶಪೂರ್ವಕವೋ ಎಂದು ಯಾರೂ ಕೇಳಲಿಲ್ಲವಂತೆ.

ಈ ನಿಯಮ ಅನಾದಿಯಿಂದ ಎಲ್ಲರೂ ಪಾಲಿಸಿಕೊಂಡು ಬಂದದ್ದೇ? ಹಾಗೆಂದು ಹೇಳುವವರ ಮುಂದೆ ನಾನು ಇಡುವ ಸಾಕ್ಷಿ ಹನ್ನೆರಡನೆಯ ಶತಮಾನದ ಶಿವಶರಣೆಯರದು. ಆಯ್ದಕ್ಕಿ ಮಾರಯ್ಯನವರ ವಚನಗಳ ಅಂಕಿತ ‘ಅಮರೇಶ್ವರಲಿಂಗ’. ಅವರ ಪತ್ನಿ ಲಕ್ಕಮ್ಮನವರ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಎಂದರೆ ಪ್ರತಿಯೊಂದು ವಚನದ ಕೊನೆಗೂ ಆ ತಾಯಿ ಗಂಡನ ಹೆಸರನ್ನು ಸಾರ್ವಜನಿಕವಾಗಿ ಹೇಳಿಯೇ ಮಾತು ಮುಗಿಸುತ್ತಾರೆ. ಉರಿಲಿಂಗಪೆದ್ದಿಗಳ ಪತ್ನಿ ಕಾಳವ್ವೆಯವರ ಅಂಕಿತವಂತೂ ‘ಉರಿಲಿಂಗಪೆದ್ದಿಗಳರಸ’. ಗಂಡನ ಹೆಸರೇ ದೇವರನ್ನು ಗುರುತಿಸುವ ವಿಳಾಸ! ಮಾರಯ್ಯನವರು ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ, ಇಷ್ಟು ಆಸೆ ನಮಗೇಕೆಂದು ಲಕ್ಕಮ್ಮನವರು ಆಕ್ಷೇಪಿಸಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಕಳಿಸಿದ ಕಥೆ ಎಲ್ಲರೂ ಬಲ್ಲದ್ದು. ಗಂಡನ ಹೆಸರನ್ನು ಹೇಳಬಲ್ಲವಳು ಗಂಡನ ತಪ್ಪನ್ನೂ ಹೇಳಬಲ್ಲಳು. ಇವೆರಡಕ್ಕೂ ಸಂಬಂಧವಿದೆಯೆಂದೇ ನನಗೆ ತೋರುತ್ತದೆ.

ಹೆಸರನ್ನು ಹೇಳುವುದು ಒಂದು ಬಗೆ, ಹೆಸರನ್ನು ಹೊಸದಾಗಿ ಕಟ್ಟಿಕೊಡುವುದು ಇನ್ನೊಂದು ಬಗೆ. ಕನ್ನಡದಲ್ಲಿ ದಂಪತಿಗಳ ಮುದ್ದಿನ ಹೆಸರೆಂದರೆ ನೆನಪಿಗೆ ಬರಬೇಕಾದ ಜೋಡಿ ಒಂದೇ: ಮುದ್ದಣ-ಮನೋರಮೆ. ಇವರ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಉಡುಪಿ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನವರಿಗೆ ಮನೆಯಲ್ಲಿ ಮುದ್ದಿನಿಂದ ಕರೆಯುತ್ತಿದ್ದ ಹೆಸರು ಮುದ್ದಣ. ದೊಡ್ಡವರಾದ ಮೇಲೆ ಅವರು ಶಾಲೆಯಲ್ಲಿ ವ್ಯಾಯಾಮದ ಮಾಸ್ತರರಾದರು. ಸಂಬಳ ಅಲ್ಪ, ಆರೋಗ್ಯ ಅದಕ್ಕಿಂತ ಅಲ್ಪ. 1893ರಲ್ಲಿ ಮದುವೆಯಾದರು, ಹೆಂಡತಿಯ ಹೆಸರು ಕಮಲಾ. ಹುಡುಗರಿಗೆ ಕವಾಯತು ಮಾಡಿಸಿ ಮನೆಗೆ ಬಂದು, ಆ ಮನುಷ್ಯ ಹಳಗನ್ನಡದಲ್ಲಿ ‘ಅದ್ಭುತ ರಾಮಾಯಣ’, ‘ಶ್ರೀರಾಮಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ಗಳನ್ನು ಬರೆದರು. ಬರೆದವನು ತಾನೆಂದು ಹೇಳಿಕೊಳ್ಳಲಿಲ್ಲ. ಹಳೆಯ ಕಾವ್ಯವೆಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದರು. ಅಲ್ಲಿನ ವಿದ್ವಾಂಸರು ಯಾರೋ ಪ್ರಾಚೀನ ಕವಿಯದೆಂದೇ ಅಚ್ಚುಮಾಡಿದರು. 1901ರ ಫೆಬ್ರವರಿಯಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ಕವಿಗೆ ಮೂವತ್ತೊಂದು ವರ್ಷ. ಆ ‘ಪ್ರಾಚೀನ ಕವಿ’ ಇವರೇ ಎಂದು ಕನ್ನಡನಾಡಿಗೆ ತಿಳಿದದ್ದು ಆಮೇಲೆ.

‘ರಾಮಾಶ್ವಮೇಧ’ದ ಕಥೆ ರಾಮನದಾದರೂ, ಕಥೆಯ ಹೊರಗಿನ ಚೌಕಟ್ಟು ಒಂದು ಮನೆಯದು. ಮಳೆಗಾಲ. ಅರಮನೆಯ ಓಲಗದಿಂದ ದಣಿದು ಮನೆಗೆ ಬರುವ ಮುದ್ದಣ, ಅವನನ್ನು ಉಪಚರಿಸಿ ಒಂದು ಒಳ್ಳೆಯ ಕಥೆ ಹೇಳೆಂದು ಹಿಡಿದುಕೊಳ್ಳುವ ಮನೋರಮೆ. ಅಲ್ಲಿಂದ ಚೌಕಾಸಿ ಆರಂಭ. ಯಾವ ಕಥೆ, ಹೇಳಿದರೆ ಬಹುಮಾನವೇನು, ಪದ್ಯವೋ ಗದ್ಯವೋ. ಪದ್ಯ ಬೇಡವೆನ್ನುವವಳು ಅವಳು. ‘ರಾಮಾಶ್ವಮೇಧ’ ಗದ್ಯಕಾವ್ಯವಾದುದಕ್ಕೆ ಕಥೆಯೊಳಗಿನ ಕಾರಣ ಹೆಂಡತಿಯ ಹಟವೇ. ಕನ್ನಡ ಕೇಳಲು ಕೂತವಳಿಗೆ ಸಂಸ್ಕೃತ ತುರುಕುತ್ತೀಯಲ್ಲಾ ಎಂದು ಗಂಡನನ್ನು ಝಾಡಿಸುವವಳೂ ಅವಳೇ. ಕಥೆ ಎಲ್ಲಿಯಾದರೂ ಬಿಗಿಯಾಯಿತೆನ್ನುವಷ್ಟರಲ್ಲಿ ಮನೋರಮೆ ನಡುವೆ ಬಾಯಿ ಹಾಕುತ್ತಾಳೆ, ಕೊಂಕು ನುಡಿಯುತ್ತಾಳೆ, ಕಣ್ಣೀರು ಸುರಿಸುತ್ತಾಳೆ, ನಗುತ್ತಾಳೆ. ಕನ್ನಡದ ಮೊದಲ ಸಾಹಿತ್ಯ ವಿಮರ್ಶಕಿ ಅಡಿಗೆಮನೆಯಿಂದ ಬಂದವಳೆಂದು ಯಾರಾದರೂ ಹೇಳಿದರೆ ನಾನು ವಿರೋಧಿಸುವುದಿಲ್ಲ.

ನಿಜಜೀವನದಲ್ಲಿ ಅರಮನೆಯೂ ಇರಲಿಲ್ಲ, ಓಲಗವೂ ಇರಲಿಲ್ಲ. ಶಾಲೆಯ ಮೈದಾನವಿತ್ತು, ಕೆಮ್ಮು ಇತ್ತು, ಸಾಲದ ಸಂಬಳವಿತ್ತು. ಲಕ್ಷ್ಮೀನಾರಣಪ್ಪ ತನ್ನ ಮುದ್ದಿನ ಹೆಸರನ್ನು ಇಟ್ಟುಕೊಂಡು, ಹೆಂಡತಿಗೂ ಒಂದು ಹೆಸರು ಕೊಟ್ಟು, ಆ ಇಬ್ಬರನ್ನೂ ಬಡತನವಿಲ್ಲದ ಮನೆಯೊಂದರಲ್ಲಿ ಮಳೆಗಾಲಕ್ಕೆ ಕೂರಿಸಿದ. ಮನಸ್ಸಿಗೆ ಹಿತವಾದವಳು ಎಂಬ ಅರ್ಥದ ಆ ಹೆಸರು ನೂರು ವರ್ಷ ಮೀರಿ ಬಾಳಿದೆ. ಇಂದಿಗೂ ಹೊಂದಿಕೊಂಡಿರುವ ದಂಪತಿಗಳನ್ನು ‘ಮುದ್ದಣ-ಮನೋರಮೆಯ ಹಾಗೆ’ ಎನ್ನುತ್ತೇವೆ. ಆದರೆ ಹತ್ತು ಜನ ಕನ್ನಡಿಗರನ್ನು ನಿಲ್ಲಿಸಿ ಮನೋರಮೆಯ ನಿಜವಾದ ಹೆಸರೇನೆಂದು ಕೇಳಿ ನೋಡಿ. ಮುದ್ದಿನ ಹೆಸರು ಬೆಳಗಿದಷ್ಟೂ ಕಮಲಾ ಎಂಬ ಹೆಸರು ನೆರಳಿಗೆ ಸರಿಯಿತು.

ಮುದ್ದಣನ ತರುವಾಯ ಹೆಂಡತಿಯನ್ನು ಸ್ನೇಹಿತೆಯಂತೆ ಕರೆಯುವ ಧೈರ್ಯ ಕನ್ನಡ ಕಾವ್ಯಕ್ಕೆ ಬಂದಿತೆನ್ನಬಹುದು. ಬೇಂದ್ರೆಯವರು ತಮ್ಮ ದಾಂಪತ್ಯದ ಸುಖದುಃಖಗಳನ್ನೇ ‘ಸಖೀಗೀತ’ವೆಂದು 1937ರಲ್ಲಿ ಹಾಡಿದರು. 1942ರಲ್ಲಿ ಬಂದ ಕೆ. ಎಸ್. ನರಸಿಂಹಸ್ವಾಮಿಗಳ ‘ಮೈಸೂರು ಮಲ್ಲಿಗೆ’ ಮದುವೆಯ ಉಡುಗೊರೆಯಾಗಿ ಎಷ್ಟು ಮನೆಗಳನ್ನು ಹೊಕ್ಕಿತೆಂಬುದನ್ನು ಹಿರಿಯ ಓದುಗರು ಬಲ್ಲರು. ಪುಸ್ತಕವನ್ನು ಕೈಗಿತ್ತವರು ಮರುಕ್ಷಣ ‘ಲೇ, ಕಾಫಿ’ ಎಂದದ್ದೂ ಉಂಟು; ಅದು ಬೇರೆ ಮಾತು.

ಹೆಂಡತಿಗೆ ಹೊಸ ಹೆಸರನ್ನು ಕೊಡುವ ಸಂಗತಿ ಕಾವ್ಯದಲ್ಲಿ ಮಾತ್ರ ನಡೆಯುತ್ತಿರಲಿಲ್ಲ. ಬೆಳಗಾವಿ-ಧಾರವಾಡದ ಕಡೆಯ ಕೆಲವು ಸಮುದಾಯಗಳಲ್ಲಿ, ಮಹಾರಾಷ್ಟ್ರದಲ್ಲಿರುವಂತೆಯೇ, ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ ಉಂಗುರದಿಂದ ವಧುವಿನ ಹೊಸ ಹೆಸರನ್ನು ಬರೆಯುವ ಪದ್ಧತಿ ಇದೆ. ಅಂದಿನಿಂದ ತವರಿನ ಹೆಸರು ತವರಿನಲ್ಲಿಯೇ ಉಳಿಯಿತು. ಇದರ ದೊಡ್ಡ ನಿದರ್ಶನ ನಾವು ವಡೋದರೆಯವರು ದಿನವೂ ಹಾದುಹೋಗುವ ರಸ್ತೆಯಲ್ಲಿಯೇ ನಿಂತಿದೆ. ರಾವಪುರದ ಗಡಿಯಾರದ ಗೋಪುರವನ್ನು ನೋಡದವರು ಯಾರು? 1896ರಲ್ಲಿ ಕಟ್ಟಿದ ಈ ಗೋಪುರ ಸಯಾಜಿರಾವ್ ಗಾಯಕವಾಡರ ಮೊದಲ ರಾಣಿ ಚಿಮಣಾಬಾಯಿಯವರ ನೆನಪಿನದು. ಆ ರಾಣಿ ತಂಜಾವೂರಿನ ಮೋಹಿತೆ ಮನೆತನದ ಮಗಳು, ಹುಟ್ಟುಹೆಸರು ಲಕ್ಷ್ಮೀಬಾಯಿ. 1880ರಲ್ಲಿ ಮದುವೆಯಾಗಿ ಬಂದಾಗ ಚಿಮಣಾಬಾಯಿಯಾದರು. ಅವರೊಡನೆ ತಂಜಾವೂರಿನ ನರ್ತಕಿಯರೂ ವಾದ್ಯಗಾರರೂ ಬಂದು, ಭರತನಾಟ್ಯ ಗುಜರಾತಿನ ನೆಲಕ್ಕೆ ಕಾಲಿಟ್ಟಿತು. 1885ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿ, ರಾಣಿ ತೀರಿಕೊಂಡರು. ಅದೇ ವರ್ಷ ಮಹಾರಾಜರು ಎರಡನೆಯ ಮದುವೆಯಾದರು. ಬಂದ ರಾಣಿಯ ಹುಟ್ಟುಹೆಸರು ಗಜರಾಬಾಯಿ. ಅವರಿಗೂ ಇಟ್ಟ ಹೆಸರು ಚಿಮಣಾಬಾಯಿ!

ಮರಾಠಿಯಲ್ಲಿ ‘ಚಿಮಣಿ’ ಎಂದರೆ ಗುಬ್ಬಚ್ಚಿ. ಚಿಮಣಾಬಾಯಿ ಎಂಬ ಹೆಸರು ಕಿವಿಗೆ ಅಷ್ಟೇ ಮುದ್ದಾಗಿ ಬೀಳುತ್ತದೆ. ಆದರೆ ಒಬ್ಬರ ನಂತರ ಒಬ್ಬರಿಗೆ ಅದೇ ಹೆಸರನ್ನು ತೊಡಿಸಿದಾಗ ಅದು ಮುದ್ದಿನ ಹೆಸರಾಗಿ ಉಳಿಯದೆ ಹುದ್ದೆಯ ಹೆಸರಾಗುತ್ತದೆ. ನಮ್ಮ ಕಛೇರಿಯಲ್ಲಿ ಕುರ್ಚಿಗೆ ಇರುವಂತೆ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಮಹಾರಾಜರಿಗೂ ಹುಟ್ಟುಹೆಸರು ಉಳಿಯಲಿಲ್ಲ. ಕವಳಾಣೆ ಎಂಬ ಹಳ್ಳಿಯ ಹುಡುಗ ಗೋಪಾಲರಾವ್ 1875ರಲ್ಲಿ ದತ್ತುಬಂದು ಸಯಾಜಿರಾವ್ ಆದವರು. ಗೋಪಾಲ-ಲಕ್ಷ್ಮಿಯರು ಸಯಾಜಿ-ಚಿಮಣಾ ಆದದ್ದು ಹೀಗೆ. ಎರಡನೆಯ ಚಿಮಣಾಬಾಯಿ ಮಾತ್ರ ಕೊಟ್ಟ ಹೆಸರನ್ನು ತಮ್ಮದಾಗಿ ಮಾಡಿಕೊಂಡರು. ಭಾರತೀಯ ಸ್ತ್ರೀಯರ ಸ್ಥಾನಮಾನವನ್ನು ಕುರಿತ ಇಂಗ್ಲಿಷ್ ಗ್ರಂಥವೊಂದನ್ನು ಸಹಲೇಖಕರೊಬ್ಬರೊಡನೆ 1911ರಲ್ಲಿ ಪ್ರಕಟಿಸಿದರು. 1927ರಲ್ಲಿ ಪುಣೆಯಲ್ಲಿ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಅಧ್ಯಕ್ಷೆಯಾದರು.

ರಾಣಿಯರಿಗಾದರೆ ಗೋಪುರವಾದರೂ ಉಂಟು. ಸಾಮಾನ್ಯ ಹೆಂಗಸರ ಹೆಸರಿಗೆ ಏನಾಯಿತು? ಇದಕ್ಕೆ ಸರಕಾರದ ಲೆಕ್ಕವೇ ಇದೆ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ 1951ರ ಅಕ್ಟೋಬರಿನಿಂದ 1952ರ ಫೆಬ್ರವರಿಯವರೆಗೆ ನಡೆಯಿತು. ಅದಕ್ಕೆ ಮೊದಲು ಮತದಾರರ ಪಟ್ಟಿ ಮಾಡಲು ಮನೆಮನೆಗೆ ಹೋದ ನೌಕರರಿಗೆ ಅನೇಕ ಕಡೆಗಳಲ್ಲಿ ಹೆಂಗಸರು ತಮ್ಮ ಹೆಸರನ್ನೇ ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಪರಪುರುಷನ ಮುಂದೆ ತನ್ನ ಹೆಸರು ಹೇಳುವುದು ಮರ್ಯಾದೆಯಲ್ಲವೆಂಬ ಸಂಕೋಚ. ಹಾಗೆ ಬರೆದ ಪಟ್ಟಿ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರ ಮುಂದೆ ಬಂದಿತು. ವ್ಯಕ್ತಿಯ ಸ್ವಂತ ಹೆಸರಿಲ್ಲದೆ ಮತವಿಲ್ಲವೆಂದು ಅವರು ಪಟ್ಟು ಹಿಡಿದರು. ಹೆಸರು ತಿದ್ದಿಸಿಕೊಳ್ಳಲು ಅವಕಾಶವನ್ನೂ ಕೊಟ್ಟರು. ಕೊನೆಗೂ ಹೆಸರು ಹೇಳದೆ ಉಳಿದವರು ಸುಮಾರು 28 ಲಕ್ಷ. ಒಟ್ಟು ಸುಮಾರು 8 ಕೋಟಿ ಸ್ತ್ರೀ ಮತದಾರರಲ್ಲಿ ಇಷ್ಟು ಜನರನ್ನು ಪಟ್ಟಿಯಿಂದ ತೆಗೆದುಹಾಕಬೇಕಾಯಿತು. ಇವರಲ್ಲಿ ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯಭಾರತ, ವಿಂಧ್ಯಪ್ರದೇಶಗಳವರು. ‘ಪುಟ್ಟನ ಅಮ್ಮ’ ಎಂಬ ಹೆಸರು ಮನೆಯಲ್ಲಿ ಎಷ್ಟು ಸಿಹಿಯಾದರೂ ಮತಪೆಟ್ಟಿಗೆಯ ಬಳಿ ಸಲ್ಲಲಿಲ್ಲ. ಸೇನರು ಮಾಡಿದ್ದು ಆ ಹೊತ್ತಿಗೆ ಕಠಿಣವಾಗಿ ಕಂಡರೂ ಸರಿಯೆಂದೇ ನನ್ನ ಅಭಿಪ್ರಾಯ. ಅಂದು ಸಡಿಲ ಬಿಟ್ಟಿದ್ದರೆ ಹೆಸರಿಲ್ಲದ ಸಾಲು ಇನ್ನೂ ಎಷ್ಟು ಚುನಾವಣೆಗಳವರೆಗೆ ಬೆಳೆಯುತ್ತಿತ್ತೋ.

ನಾನು ಕೂಡುವ ಮೇಜಿನ ಕೆಲಸದಲ್ಲಿ ಈ ಹೆಸರುಗಳ ವ್ಯವಹಾರ ಇಂದಿಗೂ ಮುಗಿದಿಲ್ಲ. ಕೇಂದ್ರ ಸರಕಾರದ ಕುಟುಂಬ ಪಿಂಚಣಿ ಯೋಜನೆ 1964ರ ಜನವರಿ 1ರಿಂದ ಜಾರಿಗೆ ಬಂದದ್ದು. ಪಿಂಚಣಿಯ ಕಾಗದದಲ್ಲಿ ಗಂಡಹೆಂಡಿರ ಜೋಡಿ ಭಾವಚಿತ್ರ, ಇಬ್ಬರ ಹೆಸರು, ಒಂದಕ್ಷರವೂ ಆಚೀಚೆಯಾಗದಂತೆ ಇರಬೇಕು. ಸೇವಾ ಪುಸ್ತಕದಲ್ಲಿ ಮನೆಯ ಮುದ್ದಿನ ಹೆಸರು, ಬ್ಯಾಂಕಿನಲ್ಲಿ ತವರಿನ ಹೆಸರು, ಆಧಾರ್ ಚೀಟಿಯಲ್ಲಿ ಮದುವೆಯ ಹೆಸರು ಇದ್ದರೆ ಮೂವರೂ ಒಬ್ಬಳೇ ಎಂದು ಸಾಬೀತು ಮಾಡಲು ಆ ವಿಧವೆ ಎಷ್ಟು ಮೆಟ್ಟಿಲು ಹತ್ತಬೇಕೆಂಬುದು ಹತ್ತಿದವರಿಗೆ ಗೊತ್ತು. ಗುಜರಾತಿನಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಮದುವೆಯಾದ ಹೆಣ್ಣಿನ ಪೂರ್ಣ ಹೆಸರಿನ ನಡುವೆ ಗಂಡನ ಹೆಸರು ಬರುತ್ತದೆ, ಕೊನೆಗೆ ಮನೆತನದ್ದು. ಗಂಡನ ಹೆಸರು ಹೇಳದವಳು ತನ್ನ ಹೆಸರನ್ನೂ ಪೂರ್ತಿ ಹೇಳುವಂತಿಲ್ಲ! ಕನ್ನಡಿಗರ ಇನಿಷಿಯಲ್ಲುಗಳನ್ನು ಬಿಡಿಸಿ ಈ ಮೂರು ಖಾನೆಗಳಲ್ಲಿ ತುಂಬುವಾಗ ಹಾಸನದ ಒಂದು ಹಳ್ಳಿ ಮನೆತನವಾಗಿಬಿಡುವುದೂ ಉಂಟು.

ಕೆಲವು ವರ್ಷಗಳ ಕೆಳಗೆ ಇಳಿವಯಸ್ಸಿನ ಗುಜರಾತಿ ಬೆನ್ ಒಬ್ಬರು ಮೊಮ್ಮಗನೊಡನೆ ಬಂದಿದ್ದರು. ಗಂಡ ತೀರಿ ಎರಡು ತಿಂಗಳಾಗಿತ್ತು. ಕಾಗದ ತುಂಬುತ್ತ ಯಜಮಾನರ ಹೆಸರೇನೆಂದು ಕೇಳಿದೆ. ಮೊಮ್ಮಗ ನೆರಳಚ್ಚು ಮಾಡಿಸಲು ಕೆಳಗೆ ಹೋಗಿದ್ದ. ಆಕೆ ಸುಮ್ಮನೆ ಕೂತರು. ಎರಡನೆಯ ಸಲ ಕೇಳಿದಾಗ ಸೆರಗನ್ನು ತಲೆಯ ಮೇಲೆಳೆದುಕೊಂಡು, ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಕಡೆ ಕೈ ತೋರಿಸಿದರು. ಅದರಲ್ಲಿ ಡಾಕೋರಿನ ರಣಛೋಡರಾಯನ ಚಿತ್ರವಿತ್ತು. ಆಯುಷ್ಯ ಕಡಿಮೆಯಾಗುವ ಭಯ ಇನ್ನಿಲ್ಲವಷ್ಟೆ. ಆದರೂ ಆ ಹೆಸರು ಬಾಯಿಗೆ ಬರಲಿಲ್ಲ. ನಾನು ಬರೆದುಕೊಂಡೆ. ಮುಂದಿನ ಖಾನೆ ಅವರ ಸ್ವಂತ ಹೆಸರಿನದು. ಅದನ್ನು ಮಾತ್ರ ಅವರು ಸ್ಪಷ್ಟವಾಗಿ, ಒಂದೊಂದಕ್ಷರ ಬಿಡಿಸಿ ಹೇಳಿದರು.

ಈಗಿನ ಹುಡುಗ ಹುಡುಗಿಯರಿಗೆ ಇದೆಲ್ಲ ಪುರಾಣದಂತೆ ಕೇಳಬಹುದು. ಅವಳು ಅವನನ್ನು ಹೆಸರು ಹಿಡಿದು, ಏಕವಚನದಲ್ಲಿಯೇ ಕರೆಯುತ್ತಾಳೆ, ಅತ್ತೆಯರೂ ಒಗ್ಗಿಕೊಂಡಿದ್ದಾರೆ. ಹೆಸರು ಬಳಕೆಗೆ ಬಂದ ಮೇಲೆ ಮುದ್ದಿನ ಶಬ್ದಗಳು ನಿಂತುಹೋಗಬೇಕಾಗಿತ್ತು, ನಿಂತಿಲ್ಲ. ‘ಚಿನ್ನ’, ‘ಬಂಗಾರ’, ‘ಪುಟ್ಟ’, ‘ಮುದ್ದು’ ಹೆಚ್ಚಾಗಿಯೇ ಕೇಳುತ್ತಿವೆ. ಮಗುವಿಗೆ ಸಲ್ಲಬೇಕಾದ ‘ಪುಟ್ಟ’ವನ್ನು ಮೀಸೆಯ ಗಂಡನಿಗೆ ಹೇಳುವುದು ನನ್ನ ಕಿವಿಗೆ ಇನ್ನೂ ಹೊಂದಿಲ್ಲವಾದರೂ, ಮುದ್ದಣನೆಂದು ಕರೆಸಿಕೊಂಡವನನ್ನು ಮಹಾಕವಿಯೆಂದು ಒಪ್ಪಿದ ನಾವು ಆಕ್ಷೇಪಿಸುವುದು ಹೇಗೆ? ಹಳಬರು ಹೆಸರನ್ನು ಮುಚ್ಚಿಡಲು ಬೇರೆ ಶಬ್ದ ಹುಡುಕಿದರು, ಇವರು ಹೆಸರು ಸಾಲದೆಂದು ಹುಡುಕುತ್ತಾರೆ. ಮೊಬೈಲಿನಲ್ಲಿ ಹೆಂಡತಿಯ ಸಂಖ್ಯೆಯನ್ನು ‘ಗೃಹ ಸಚಿವಾಲಯ’ ಎಂದು ಬರೆದಿಟ್ಟುಕೊಂಡ ಸಹೋದ್ಯೋಗಿಯೊಬ್ಬರು ನಮ್ಮಲ್ಲಿದ್ದಾರೆ. ಕರೆ ಬಂದರೆ ಯಾವ ಸಭೆಯಲ್ಲಿದ್ದರೂ ಎದ್ದು ಹೊರಗೆ ಹೋಗಿ ಮಾತಾಡುತ್ತಾರೆ, ಸಾಹೇಬರೂ ತಡೆಯುವುದಿಲ್ಲ.

ಒಡಪಿನ ಮಾತು ಹೇಳಿದೆನಲ್ಲ, ಅದರ ಉಳಿದ ಭಾಗವನ್ನೂ ಹೇಳಿಬಿಡುತ್ತೇನೆ. ಹೆಂಗಸರೆಲ್ಲ ತಮ್ಮ ತಮ್ಮ ಸರದಿ ಮುಗಿಸಿದ ಮೇಲೆ, ಹೊರಗಿನ ಕೋಣೆಯಲ್ಲಿ ಕೂತಿದ್ದ ನಮ್ಮನ್ನೂ ಒಳಗೆ ಕರೆದರು. ಗಂಡಸರೂ ಹೆಂಡತಿಯ ಹೆಸರು ಹಾಕಿ ಒಡಪು ಹೇಳಬೇಕೆಂದು ಪಟ್ಟು ಹಿಡಿದರು. ಬಿಜಾಪುರದ ಕಡೆಯವರೊಬ್ಬರು ಜೋಳದ ರೊಟ್ಟಿಯನ್ನು ಹೊಗಳಿ, ಪ್ರಾಸ ಸಿಗದೆ ಹೆಸರನ್ನು ಗದ್ಯದಲ್ಲಿಯೇ ಹೇಳಿ ಪಾರಾದರು. ನಾನು ಮನೋರಮೆಯ ನೆವ ಹೇಳಿ ಗದ್ಯವೇ ಒಳ್ಳೆಯದೆಂದು ಅವರ ಪರ ವಾದಿಸಿದೆ. ನನ್ನ ಸರದಿಗೂ ಅದೇ ದಾರಿಯಾಯಿತು. ಮೂರನೆಯವರು ಎಪ್ಪತ್ತು ದಾಟಿದ ಹಿರಿಯರು. ‘ಇವಳೇ...’ ಎಂದು ಆರಂಭಿಸಿ, ಸುತ್ತ ನೋಡಿ, ಹೆಂಡತಿಯನ್ನೇ ‘ನಿನ್ನ ಹೆಸರು ಹೇಳಲೇನೇ?’ ಎಂದು ಕೇಳಿದರು. ಆಕೆ ಕೋಸಂಬರಿ ಬಡಿಸುತ್ತಿದ್ದವರು ಸೌಟನ್ನು ಪಾತ್ರೆಯಲ್ಲಿಟ್ಟು, ‘ಜ್ಞಾಪಕವಿದ್ದರೆ ಹೇಳಿ’ ಎಂದರು.